ನನ್ನ ಅಪ್ಪನ ಬಾಯಿಗೆ ನೀವು ಹಾಕಿಸಿದ ಸಕ್ಕರೆ

ಹೆದ್ದಾರಿ ಪಕ್ಕದ ಆರ್ಕಿಟೆಕ್ಚರ್ ಕಾಲೇಜಿನ ಪ್ರಾಂಶುಪಾಲರಿಗೆ,

ಮಾನ್ಯರೇ,

ನನ್ನ ಮಗಳು ಸ್ನೇಹಲಳ ಹತ್ತನೆಯ ತರಗತಿಯ ಮತ್ತು ಪಿಯುಸಿಯ ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಪ್ರಮಾಣಪತ್ರ ಎಲ್ಲವೂ ನಿಮ್ಮ ಕಪಾಟಿನಲ್ಲಿವೆ. ಅವುಗಳನ್ನು ವಾಪಸು ಕೊಡಿ. ಸರಕಾರದ ಕೊನೆಯ ಸುತ್ತಿನ ಸೀಟು ಹಂಚಿಕೆಯಲ್ಲಿ ಅವಳಿಗೆ ಬೇರೆ ಜಿಲ್ಲೆಯ ಹಳೆಯ, ಒಳ್ಳೆಯ ಕಾಲೇಜೊಂದರಲ್ಲಿ ಜಾಗ ಸಿಕ್ಕಿದೆ. ಈ ಶನಿವಾರ ಸಂಜೆಯೊಳಗೆ ಮೂಲ ಕಾಗದಗಳನ್ನು ಅಲ್ಲಿ ತೋರಿಸದಿದ್ದರೆ ಆ ಸೀಟು ಹೋಗುತ್ತದೆ. ಹೋದರೆ ಅವಳು ಐದು ವರ್ಷ ನಿಮ್ಮ ಕೈಯಲ್ಲಿ ಕಲಿಯಬೇಕಾಗುತ್ತದೆ. ನನಗೆ ಆಗದವರ ಮಕ್ಕಳಿಗೂ ಈ ಗತಿ ಬೇಡ.

ಇದನ್ನು ಊರೆಲ್ಲ ಓದುವಂತೆ ಬರೆಯುವ ಆಸೆ ನನಗೇನೂ ಇರಲಿಲ್ಲ. ಮೊದಲು ಅರ್ಜಿ ಬರೆದುಕೊಂಡು ನಿಮ್ಮ ಕೋಣೆಗೇ ಬಂದಿದ್ದೆ. ಮೊಬೈಲಿನಿಂದ ಕಣ್ಣು ಕೀಳದೆಯೇ ನೀವು ಅದನ್ನು ಪೂರ್ತಿ ಓದಿ ಮುಗಿಸಿದಿರಿ. ಇಂಥ ವಿದ್ಯೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಆಮೇಲೆ "ನೀವು ಬಿಟ್ರ ಸೀಟು ಐದೂ ವರ್ಷ ಖಾಲಿ ಬೀಳತೈತ್ರಿ. ಐದೂ ವರ್ಷದ ಫೀ ತುಂಬ್ರಿ, ಕಾಗದ ತಗೊಂಡ ಹೋಗ್ರಿ" ಎಂದಿರಿ. ಕಲಿಸದ ವರ್ಷಗಳಿಗೂ ಶುಲ್ಕ ಕೇಳುವ ನಿಮ್ಮ ಧೈರ್ಯಕ್ಕೆ ಬೆರಗಾಗಿ ನಾನು ಹೊರಗೆ ಬಂದೆ. ನಾನು ಮಾಡುವ ಕೆಲಸದಲ್ಲಿ, ಬೈಲಹೊಂಗಲದಲ್ಲಿ ಹತ್ತಿ ಸವದತ್ತಿಯಲ್ಲಿ ಇಳಿಯುವವರಿಗೆ ರಾಮದುರ್ಗದ ತನಕ ಟಿಕೆಟ್ ಕೊಟ್ಟರೆ ಅಮಾನತು ಮಾಡುತ್ತಾರೆ. ನಿಮ್ಮ ಕೆಲಸದಲ್ಲಿ ಬಡ್ತಿ ಕೊಡುತ್ತಾರೇನೋ.

ಹೌದು, ನಾನು ಸರಕಾರಿ ಬಸ್ಸಿನ ಕಂಡಕ್ಟರ್. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ, ಮತ್ತೆ ವಾಪಸು. ಇದು ನನ್ನ ದಾರಿ. ನನ್ನ ಮುಖ ನಿಮಗೆ ನೆನಪಿರಲಿಕ್ಕಿಲ್ಲ, ಆದರೆ ನನ್ನ ಬಸ್ಸಿನ ಬೆನ್ನು ನಿಮಗೆ ಚೆನ್ನಾಗಿ ಗೊತ್ತು. ಅದನ್ನು ನೀವು ಜಾಹೀರಾತಿಗೆ ಹಿಡಿದಿದ್ದೀರಿ. ಒಂದು ಕೆರೆ, ಕೆರೆಯ ದಂಡೆಯಲ್ಲಿ ಗಾಜಿನ ಕಟ್ಟಡ, ಅದರ ಮುಂದೆ ನಕ್ಷೆಯ ಸುರುಳಿ ಹಿಡಿದು ನಗುವ ಒಬ್ಬಳು ಹುಡುಗಿ. 'ನಾಳಿನ ನಗರಗಳು ಹುಟ್ಟುವುದು ಇಲ್ಲಿ' ಎಂದು ಕೆಳಗೆ ಬರೆದಿದೆ. ಆ ಕೆರೆ ಯಾವ ದೇಶದ್ದು, ಆ ಹುಡುಗಿ ಯಾರ ಮನೆಯವಳು, ಆ ಕಟ್ಟಡವನ್ನು ಕಟ್ಟಿದವರಿಗೆ ಅದು ನಿಮ್ಮದಾಗಿರುವ ಸಂಗತಿ ಗೊತ್ತಿದೆಯೇ? ನಾನು ಕಣ್ಣಾರೆ ಕಂಡ ಹಾಗೆ ನಿಮ್ಮ ಕಾಲೇಜಿನಲ್ಲಿ ನೀರು ನಿಲ್ಲುವ ಜಾಗ ಒಂದೇ ಒಂದು, ಅದು ಮಹಡಿಯ ತರಗತಿಯ ಒಳಗೆ.

ಸ್ನೇಹಲ್ ಬಸ್ ನಿಲ್ದಾಣಗಳಲ್ಲಿ ಬೆಳೆದ ಹುಡುಗಿ. ನನ್ನ ಗಂಡ ಯುವರಾಜ, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಅವರ ಪಾಳಿಗೂ ನನ್ನ ಪಾಳಿಗೂ ಹೊಂದಿಕೆ ಇಲ್ಲ. ಹಾಗಾಗಿ ಶಾಲೆ ಬಿಟ್ಟ ಮೇಲೆ ಅವಳು ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ನನ್ನ ಬಸ್ಸಿನ ದಾರಿ ಕಾಯುತ್ತಿದ್ದಳು. ಇನ್ನೂ ಹಲ್ಲು ಬೀಳುವ ವಯಸ್ಸಿನಲ್ಲೇ ಒಂದು ದಿನ ನನ್ನನ್ನು ಕೇಳಿದಳು: "ಅವ್ವಾ, ಈ ಕಂಬ ಇಲ್ಲ್ಯಾಕ ಇಟ್ಟಾರು? ಕುಂತೋರಿಗೆ ಬಸ್ ಬರೂದ ಕಾಣೂದಿಲ್ಲ. ಅದಕ್ಕ ಎಲ್ಲಾರೂ ಎದ್ದ ನಿಂತಿರ್ತಾರ ನೋಡು." ನಾನು ಆ ನಿಲ್ದಾಣಕ್ಕೆ ಎಷ್ಟೋ ವರ್ಷದಿಂದ ಬಸ್ ತರುತ್ತಿದ್ದೆ. ಮಂದಿ ಅವಸರಕ್ಕೆ ನಿಂತಿರುತ್ತಾರೆ ಎಂದುಕೊಂಡಿದ್ದೆನೇ ಹೊರತು ಕಂಬದ ಕಡೆ ನೋಡಿರಲಿಲ್ಲ. ಯಾವ ನಿಲ್ದಾಣ ಎಂದು ಇಲ್ಲಿ ಬರೆಯುವುದಿಲ್ಲ, ನನಗೆ ನೌಕರಿ ಬೇಕು. ಅಂದಿನಿಂದ ಅವಳು ಸಿಕ್ಕ ಹಾಳೆಯ ಮೇಲೆಲ್ಲ ನಿಲ್ದಾಣ ಬರೆದಳು: ಹೆಂಗಸರು ಮಗುವಿಗೆ ಹಾಲು ಕುಡಿಸುವ ಮೂಲೆ ಎಲ್ಲಿರಬೇಕು, ಬಿಸಿಲು ಯಾವ ಹೊತ್ತಿನಲ್ಲಿ ಯಾವ ಕಟ್ಟೆಗೆ ಬರುತ್ತದೆ, ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಹುಣ್ಣಿಮೆಯ ಗದ್ದಲದಲ್ಲಿ ಮುದುಕರು ಎಲ್ಲಿ ಕುಳಿತುಕೊಳ್ಳಬೇಕು. ನಾವು ಡಾಕ್ಟರ್ ಆಗು ಎಂದೆವು, ಇಂಜಿನಿಯರ್ ಆಗು ಎಂದೆವು. ಅವಳು ಆರ್ಕಿಟೆಕ್ಟ್ ಆಗುತ್ತೇನೆ ಎಂದಳು, ಹಟ ಹಿಡಿದು ಪ್ರವೇಶ ಪರೀಕ್ಷೆ ಬರೆದಳು, ಒಳ್ಳೆಯ ಅಂಕವನ್ನೂ ತಂದಳು.

ಕಾಲೇಜು ಆರಿಸುವ ಕೆಲಸವನ್ನು ನಾನು ನನ್ನ ತಮ್ಮ ಗೌತಮನಿಗೆ ಒಪ್ಪಿಸಿದ್ದೆ. ಅವನು ಬೆಳಗಾವಿಯಲ್ಲಿ ಕಟ್ಟಡದ ಗುತ್ತಿಗೆದಾರರ ಹತ್ತಿರ ಮೇಲ್ವಿಚಾರಕ, ದಿನಾ ಆರ್ಕಿಟೆಕ್ಟರ ಜೊತೆ ಒಡನಾಡುವವನು. ಅವನು ಹೇಳಿದ್ದು ಇಷ್ಟೇ: "ಅಕ್ಕಾ, ಬಣ್ಣದ ಪುಸ್ತಕಾ ನೋಡಬ್ಯಾಡ. ಹುಡುಗೂರು ಕೈಲೆ ಮಾಡಿದ್ದ ಕೆಲಸಾ ತೋರಸ್ರಿ ಅನ್ನು. ಕಲಸೋರು ಯಾರು ಅಂತ ಕೇಳು, ಅವರು ಹ್ವಾದ ವರ್ಷನೂ ಇಲ್ಲೇ ಇದ್ರೇನು ಅಂತ ಕೇಳು. ಕಲತ ಹೊರಗ ಬಿದ್ದವರದು ನಾಕ ಫೋನ್ ನಂಬರ್ ಇಸಕೋ. ಕೊಡಾಕ ಹಿಂದ ಮುಂದ ನೋಡಿದ್ರ ಎದ್ದ ಬಾ." ಸರಕಾರದ ಪಟ್ಟಿ ಬರಲಿ, ಆಮೇಲೆ ಒಂದೊಂದನ್ನೇ ನೋಡಿಕೊಂಡು ಬರೋಣ ಎಂದು ನಾವು ಸುಮ್ಮನೆ ಕುಳಿತಿದ್ದೆವು. ಪಟ್ಟಿ ಬರುವ ಮೊದಲೇ ನಿಮ್ಮ ಟೆಂಪೋ ಬಂತು.

ಟೆಂಪೋ ಮೈಕು ಕಟ್ಟಿಕೊಂಡು ಬೈಲಹೊಂಗಲದಲ್ಲಿ ಎಲ್ಲ ಓಣಿಗಳನ್ನೂ ಬಿಟ್ಟು ಮೊದಲು ನಮ್ಮ ಓಣಿಗೇ ಬಂತು. ಇಷ್ಟು ವರ್ಷ ನಮ್ಮ ಓಣಿಗೆ ಚರಂಡಿ ಬಂದದ್ದೂ ಕೊನೆಗೆ, ದೀಪ ಬಂದದ್ದೂ ಕೊನೆಗೆ. ವಿದ್ಯೆ ಮಾತ್ರ ಮೊದಲು ಬಂತಲ್ಲ ಎಂದು ನಾವು ಕಣ್ಣರಳಿಸಿದೆವು. ನಮ್ಮ ಮಕ್ಕಳ ಶುಲ್ಕವನ್ನು ಸರಕಾರ ನೇರವಾಗಿ ನಿಮಗೆ ತುಂಬಿಕೊಡುತ್ತದೆ, ಮನೆಯವರನ್ನು ಕಾಡಿ ವಸೂಲಿ ಮಾಡುವ ತಾಪತ್ರಯ ನಿಮಗಿಲ್ಲ ಎಂಬುದು ಆಗ ನಮ್ಮ ತಲೆಗೆ ಹೊಳೆಯಲಿಲ್ಲ. ನಮ್ಮೂರ ಕಲ್ಯಾಣ ಮಂಟಪದಲ್ಲಿ ಪ್ರವೇಶ ಶಿಬಿರ, ಉಚಿತ ಮಾರ್ಗದರ್ಶನ, ಮೂಲ ದಾಖಲೆಗಳನ್ನು ತಪಾಸಣೆಗೆ ತರತಕ್ಕದ್ದು ಎಂದು ಮೈಕು ಕೂಗಿತು. ಅಂದು ನಾನು ರಾಮದುರ್ಗದ ಪಾಳಿಯಲ್ಲಿದ್ದೆ. ಕಬ್ಬು ಅರೆಯುವ ಹಂಗಾಮು ಮುಗಿದು ಕಾರ್ಖಾನೆಯ ಯಂತ್ರಗಳನ್ನೆಲ್ಲ ದುರಸ್ತಿಗೆ ಬಿಚ್ಚಿಟ್ಟಿದ್ದರಿಂದ ಯುವರಾಜ ಅವರಿಗೆ ರಜೆ ಸಿಗುವಂತಿರಲಿಲ್ಲ. ಹುಡುಗಿಯ ಜೊತೆಗೆ ಹಿರಿಯರೊಬ್ಬರು ಇರಲಿ ಎಂದು ಸಂಗೊಳ್ಳಿಯಿಂದ ನನ್ನ ಅಪ್ಪನನ್ನು ಕರೆಸಿದೆ. "ಸುಮ್ನ ಕೇಳಿ ಬರತೇವಿ ತಗೋ" ಎಂದು ಅವನು ತಲೆಗೆ ಪಟಕಾ ಸುತ್ತಿಕೊಂಡು ಹೊರಟ.

ನನ್ನ ಅಪ್ಪನ ಹೆಸರು ಭರಮಪ್ಪ. ಮೈಯಲ್ಲಿ ಕಸುವು ಇರುವ ತನಕ ಬೈಲಹೊಂಗಲದ ಮಾರುಕಟ್ಟೆಯಲ್ಲಿ ಹತ್ತಿ ತುಂಬಿದ ಅಂಡಿಗೆ ಚೀಲ ಹೊತ್ತವನು. ಅವನ ಹರೆಯದಲ್ಲಿ ಚಹಾದಂಗಡಿಯ ಹೊರಗೋಡೆಯ ಗೂಡಿನಲ್ಲಿ ನಮ್ಮವರಿಗೆಂದೇ ಬೇರೆ ಕಪ್ಪು ಇಡುತ್ತಿದ್ದರು. ಕುಡಿದು, ತೊಳೆದು, ಅಲ್ಲೇ ಇಟ್ಟು ಬರಬೇಕಿತ್ತು. ಇದನ್ನು ಅವನು ನಮಗೆ ಹೇಳಿದ್ದು ಒಂದೇ ಸಲ, ಅದೂ ನಗುತ್ತ. ಮುಪ್ಪಿನಲ್ಲಿ ಅವನಿಗೊಂದು ದೊಡ್ಡಸ್ತಿಕೆ ಬಂತು. ಸುತ್ತಿನ ಹಳ್ಳಿಗಳಲ್ಲಿ ನಮ್ಮ ಮಂದಿಯ ಮದುವೆ ಮಾತುಕತೆ ಅವನಿಲ್ಲದೆ ನಡೆಯುವುದಿಲ್ಲ. ನಮ್ಮಲ್ಲಿ ಸಂಬಂಧ ಗಟ್ಟಿಯಾಗುವುದು ಸಕ್ಕರೆಯಿಂದ. ಮಾತು ಮುಗಿದ ಮೇಲೆ ಗಂಡಿನ ಕಡೆಯ ಹಿರಿಯ ಹೆಣ್ಣಿನ ಕಡೆಯ ಹಿರಿಯನ ಬಾಯಿಗೆ ತನ್ನ ಕೈಯಿಂದ ಸಕ್ಕರೆ ಹಾಕುತ್ತಾನೆ, ಇವನು ಅವನ ಬಾಯಿಗೆ ಹಾಕುತ್ತಾನೆ. ಅಲ್ಲಿಗೆ ಮುಗಿಯಿತು. ಆಮೇಲೆ ಎಂಥ ದೊಡ್ಡ ಮನೆಯಿಂದ ಬೇಡಿಕೆ ಬಂದರೂ ಮಾತು ತಿರುಗಿಸುವಂತಿಲ್ಲ. ತಿರುಗಿಸಿದವರ ಹೊಸ್ತಿಲನ್ನು ಅಪ್ಪ ಮತ್ತೆ ತುಳಿಯುವುದಿಲ್ಲ. ಹಾಗೆ ಅವನು ತನ್ನ ಸ್ವಂತ ಷಡ್ಡಕನ ಮನೆಗೂ ಹೋಗುವುದನ್ನು ಬಿಟ್ಟಿದ್ದಾನೆ.

ನಿಮ್ಮ ಪ್ರವೇಶ ಅಧಿಕಾರಿಗಳು ನಮ್ಮ ಸೀಮೆಯವರೇ ಇರಬೇಕು. ಇಲ್ಲದಿದ್ದರೆ ನಮ್ಮ ಗಂಟಲು ಎಲ್ಲಿದೆ ಎಂದು ಅವರಿಗೆ ಇಷ್ಟು ಸರಿಯಾಗಿ ತಿಳಿಯುತ್ತಿರಲಿಲ್ಲ. ಶಿಬಿರದಲ್ಲಿ ಮೇಜು ಕುರ್ಚಿ ಹಾಕಿ ವಿದ್ಯೆಯ ಮಾತನ್ನು ಆಡಲೇ ಇಲ್ಲವಂತೆ. ಒಂದೊಂದು ಮನೆಯ ಹಿರಿಯರನ್ನು ವೇದಿಕೆಗೆ ಕರೆಯುವುದು, ಶಾಲು ಹೊದಿಸುವುದು, ಬೆಳ್ಳಿಯ ಬಟ್ಟಲಿನಿಂದ ಸಕ್ಕರೆ ತೆಗೆಯುವುದು. ನನ್ನ ಅಪ್ಪ ಏರಿದಾಗ ಅವರು ಮೈಕಿನಲ್ಲಿ ಹೇಳಿದ ಮಾತನ್ನು ಸ್ನೇಹಲ್ ನನಗೆ ಹಾಗೇ ಒಪ್ಪಿಸಿದಳು: "ಹಿರ್ಯಾರ, ಇವತ್ತಿಗೆ ನಿಮ್ಮ ಮೊಮ್ಮಗಳ್ನ ನಾವು ಮನಿ ತುಂಬಿಸ್ಕೊಂಡ್ವಿ. ಬಾಯಿ ಸಿಹಿ ಮಾಡ್ಕೋರಿ." ಹಾಗೆಂದು ಸಕ್ಕರೆಯನ್ನು ಅವನ ಬಾಯಿಗೇ ಹಾಕಿದರು. ಇಸ್ತ್ರಿ ಮಾಡಿದ ಅಂಗಿಯ, ಉಂಗುರದ ಕೈಯ, ಊರಲ್ಲಿ ದೊಡ್ಡವನೆನಿಸಿಕೊಂಡ ಮನುಷ್ಯನೊಬ್ಬ ಎಲ್ಲರ ಎದುರಿಗೆ ನನ್ನ ಅಪ್ಪನ ತುಟಿ ಮುಟ್ಟಿದ್ದು ಅವನ ಆಯುಷ್ಯದಲ್ಲಿ ಅದೇ ಮೊದಲು. ಅವನ ಕಣ್ಣು ತುಂಬಿ ಬಂದವಂತೆ. ಪ್ರಾಂಶುಪಾಲರೇ, ನೀವು ಅದೇ ವೇದಿಕೆಯ ಮೇಲೆ ದೊಡ್ಡ ಕುರ್ಚಿಯಲ್ಲಿ ಕುಳಿತಿದ್ದಿರಿ. ಚಪ್ಪಾಳೆಯನ್ನೂ ತಟ್ಟಿದಿರಂತೆ.

ಅಪ್ಪ ತನ್ನ ಪದ್ಧತಿ ಬಿಡುವವನಲ್ಲ. ಅವನೂ ಬಟ್ಟಲಿನಿಂದ ಚಿಟಿಕೆ ಸಕ್ಕರೆ ತೆಗೆದು ಅಧಿಕಾರಿಗಳ ಬಾಯಿಯ ಹತ್ತಿರ ಕೈ ಒಯ್ದ. ಅವರು ಮುಖ ಹಿಂದೆ ಮಾಡಿ, ನಗುತ್ತ ಅಂಗೈ ಒಡ್ಡಿ ಅದರಲ್ಲಿ ಹಾಕಿಸಿಕೊಂಡರು. "ಆಮ್ಯಾಲೆ ತಿನ್ನತೇನಿ ಅಜ್ಜಾರ" ಎಂದರು. ಸ್ನೇಹಲಳಿಗೆ ಅದು ಸರಿ ಕಾಣಲಿಲ್ಲ, ಕೆಳಗಿಳಿದ ಮೇಲೆ ಕೇಳಿದಳು. ಅಪ್ಪ ಅವಳನ್ನೇ ಗದರಿಸಿದ: "ಹಂಗನಬಾರದು. ಪಾಪ, ಅವರಿಗೆ ಸಕ್ಕರಿ ಕಾಯಿಲೆ ಇರಬೇಕು." ಆ ಹೊತ್ತಿಗೆ ಅವಳ ಮೂಲ ಕಾಗದಗಳು ತಪಾಸಣೆಗೆಂದು ಒಳಗೆ ಹೋಗಿ ಪ್ರವೇಶ ಎಂದು ಬರೆಸಿಕೊಂಡಾಗಿತ್ತು. ಎಲ್ಲಿ ಸಹಿ ಎಂದರೋ ಅಲ್ಲಿ ಅವಳೂ ಹಾಕಿದಳು, ಅಜ್ಜ ತಲೆ ಆಡಿಸಿದ್ದನಲ್ಲ.

ಸಂಜೆ ನಾನು ಮನೆಗೆ ಬಂದಾಗ ಅಪ್ಪ ಶಾಲು ಹೊದ್ದುಕೊಂಡೇ ಕುಳಿತಿದ್ದ. ನಾನು ಹಾರಾಡಿದೆ, ಕೂಗಾಡಿದೆ. ಗೌತಮ ಫೋನಿನಲ್ಲಿ ತಲೆ ಚಚ್ಚಿಕೊಂಡ. ಕೆಲವು ವಾರಗಳ ಮೇಲೆ ಸರಕಾರದ ಪಟ್ಟಿಯಲ್ಲಿ ಒಳ್ಳೆಯ ಕಾಲೇಜಿನ ಹೆಸರಿನ ಎದುರು ಸ್ನೇಹಲಳ ಹೆಸರು ಬಂದಾಗ ನಮಗೆ ಜೀವ ಬಂತು. ಅಪ್ಪನಿಗೆ ಮಾತ್ರ ಜೀವ ಹೋಯಿತು. "ನಾ ಒಲ್ಲೆ" ಎಂದ. "ಅಷ್ಟ ದೊಡ್ಡ ಮನಶ್ಯಾ ತನ್ನ ಕೈಲೆ ನನ್ನ ಬಾಯಾಗ ಸಕ್ಕರಿ ಹಾಕ್ಯಾನ. ಈಗ ಮಾತ ತಿರಗಿಸಿದ್ರ ನಾ ಏನ್ ಮನಶ್ಯಾ ಅನಸ್ಕೊಳ್ಳಲಿ? ನಮ್ಮ ಮಂದಿಗೆ ಮಾತ ಒಂದ ಗಟ್ಟಿ ಇತ್ತು, ಅದನ್ನೂ ಕಳೀಬೇಕೇನ ನಾನು?" ಸ್ನೇಹಲ್ ಅತ್ತಳು. ಅವನು ಅವಳ ತಲೆ ಸವರಿದ, ಆದರೆ ಮಾತು ಬಿಡಲಿಲ್ಲ. ಅವಳೂ ಎಂಥವಳು! ಅಜ್ಜನ ಮನಸ್ಸು ಮುರಿದು ಹೋಗಲಾರೆ ಎಂದು ತಾನೇ ಸುಮ್ಮನಾಗತೊಡಗಿದಳು. ನನಗೆ ದಿಗಿಲು ಹುಟ್ಟಿದ್ದು ಆಗಲೇ.

ನಾನು ನಿಮ್ಮ ಅಧಿಕಾರಿಗಳಿಗೆ ಫೋನ್ ಮಾಡಿ ಕಾಗದ ಕೇಳಿದೆ. ಅವರು ಏನೆಂದರು ಗೊತ್ತೇ? "ಅಲ್ರೀ ಬಾಯಾರ, ಮನ್ಯಾಗ ಹಿರ್ಯಾರು ಸಕ್ಕರಿ ತಿಂದ ಮಾತ ಕೊಟ್ಟಾರ. ಈಗ ಒಲ್ಲೆ ಅಂದ್ರ ಹಿರಿತನಕ್ಕ ಏನ್ ಬೆಲಿ ಉಳೀತು?" ನಮ್ಮದೇ ಪದ್ಧತಿಯನ್ನು ಎತ್ತಿಕೊಂಡು ನಮ್ಮ ಕುತ್ತಿಗೆಗೇ ಹಾಕುವ ಈ ಕಲೆಯನ್ನು ನಿಮ್ಮ ಪಠ್ಯಕ್ರಮದಲ್ಲಿ ಯಾವ ವರ್ಷ ಕಲಿಸುತ್ತೀರಿ? ಅದೊಂದನ್ನು ಮಾತ್ರ ನಿಮ್ಮಲ್ಲಿ ಬಲ್ಲವರೇ ಕಲಿಸುತ್ತಾರೆ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಕೊನೆಗೆ ನಾನು ಅಪ್ಪನಿಗೆ ಅವನದೇ ಮಾತಿನಲ್ಲಿ ಕೇಳಿದೆ: "ಅಪ್ಪಾ, ಹೆಣ್ಣ ಕೊಡೂ ಮುಂದ ನೀ ಮನಿತನ ನೋಡ್ತಿದ್ದಿ ಹೌದಲ್ಲೋ? ನೀರ ಎಲ್ಲಿಂದ ತರ್ತಾರ, ಇದ್ದ ಸೊಸ್ತೇರು ಹೆಂಗದಾರ, ಎಲ್ಲಾ ನೋಡಿ ಬರ್ತಿದ್ದಿ. ಇಲ್ಲ್ಯಾಕ ನೋಡ್ಲಿಲ್ಲ?" ಅವನು ಪಟಕಾ ಕೈಗೆ ತೆಗೆದುಕೊಂಡು "ನಡಿ, ನೋಡಿ ಬರೂಣು" ಎಂದ. ಮನೆತನ ನೋಡಲು ಹೋಗುವವರು ಹೇಳಿ ಹೋಗುವುದಿಲ್ಲ. ನಾವೂ ನಿಮ್ಮ ಕಾಲೇಜಿಗೆ ಹೇಳದೆಯೇ ಬಂದೆವು.

ಒಳಗೆ ಕಾಲಿಟ್ಟ ಕೂಡಲೇ ನನಗೆ ಆ ಕಟ್ಟಡದ ಮೂಲ ಗೊತ್ತಾಯಿತು. ಅದು ಹಳೆಯ ಕಲ್ಯಾಣ ಮಂಟಪ. ಊಟದ ಮನೆಯಲ್ಲಿ ನಕ್ಷೆ ಬರೆಯುವ ಮಣೆಗಳು, ಹಗಲಲ್ಲೂ ಟ್ಯೂಬ್‌ಲೈಟು. ಕಿಟಕಿಗಳಿಗೆ ಹಲಗೆ ಬಡಿದಿದ್ದೀರಿ. ಬೆಳಕು ಎಲ್ಲಿಂದ ಬರಬೇಕು ಎಂಬ ಪಾಠವನ್ನು ಕತ್ತಲೆಯಲ್ಲಿ ಕುಳ್ಳಿರಿಸಿ ಹೇಳಿಕೊಟ್ಟರೆ ಮಕ್ಕಳ ಮನಸ್ಸಿಗೆ ಆಳವಾಗಿ ಇಳಿಯುತ್ತದೆ ಎಂಬ ಯೋಚನೆಯೇ? ಮೆಟ್ಟಿಲುಗಳಲ್ಲಿ ಒಂದು ಎತ್ತರ, ಒಂದು ಗಿಡ್ಡ. ಅಪ್ಪ ಎರಡು ಕಡೆ ಮುಗ್ಗರಿಸಿದ. ಹುಡುಗಿಯರ ಶೌಚಾಲಯಕ್ಕೆ ಬೀಗ, ಬೀಗದ ಕೈ ಕಚೇರಿಯಲ್ಲಿ, ಕಚೇರಿಯವರು ಚಹಾಕ್ಕೆ. ಅಪ್ಪ ಒಬ್ಬಳು ಹುಡುಗಿಯನ್ನು ತಡೆದು ಯಾವೂರವ್ವಾ ಎಂದ. ರಾಮದುರ್ಗ ತಾಲೂಕಿನ ಸಾಲಹಳ್ಳಿಯವಳು, ಎರಡನೆಯ ವರ್ಷ. ಎಷ್ಟು ಮಂದಿ ಮಾಸ್ತರರು ಎಂದು ನಾನು ಕೇಳಿದೆ. "ಯಾವತ್ತಿನ ಲೆಕ್ಕಾ ಕೇಳ್ತೀರಿ ಆಂಟಿ?" ಎಂದಳು. "ತಪಾಸಣಿಗೆ ಬಂದ ದಿನಾ ಕೋಲಿ ತುಂಬ ಸರ್ ಮಂದಿ ಇರ್ತಾರ್ರಿ. ಮರುದಿನಾ ನೋಡಿದ್ರ ಇಬ್ಬರ. ಅದರಾಗ ಒಬ್ಬರು ನೌಕರಿ ಬಿಡಾಕತ್ತಾರ." ಮಕ್ಕಳು ಮಾಡಿದ ಮಾದರಿಗಳನ್ನು ತೋರಿಸು ಎಂದೆ. ಗಾಜಿನ ಪೆಟ್ಟಿಗೆಯಲ್ಲಿದ್ದ ಒಂದೇ ಒಂದು ಮಾದರಿಯ ಹತ್ತಿರ ಕರೆದೊಯ್ದಳು. ಅದನ್ನು ಮಾಡಿದವರ ಹೆಸರು ಏನು ಎಂದೆ. "ಅದನ್ನ ಕೊಂಡ ತಂದದ್ರಿ" ಎಂದು ಮೆಲ್ಲಗೆ ಹೇಳಿ, ಯಾರೋ ಬರುತ್ತಿರುವುದನ್ನು ಕಂಡು ಹೋಗಿಬಿಟ್ಟಳು. ಅಪ್ಪ ಆ ಹುಡುಗಿ ಹೋದ ದಿಕ್ಕನ್ನೇ ನೋಡುತ್ತ ನಿಂತ. ಅವನು ಮನೆತನ ನೋಡಲು ಹೋದಾಗ ಇದ್ದ ಸೊಸೆಯಂದಿರ ಮುಖ ಓದುತ್ತಿದ್ದದ್ದು ಹೀಗೆಯೇ.

ಆಮೇಲೆ ನಿಮ್ಮ ಕೋಣೆಗೆ ಬಂದೆವು. ಸೀಟುಗಳೆಲ್ಲ ತುಂಬಿದ ಖುಷಿಗೆ ನೀವು ಧಾರವಾಡದ ಪೇಢೆ ತರಿಸಿದ್ದಿರಿ. ಆ ಅಧಿಕಾರಿಗಳೂ ಅಲ್ಲೇ ಇದ್ದರು. ಅವರನ್ನು ಕಂಡು ಅಪ್ಪನ ಮುಖ ಅರಳಿತು, ಕೈ ಮುಗಿದ. ಅವರು ಮೇಲಿಂದ ಕೆಳಗೆ ನೋಡಿ "ಯಾರ್ ಬೇಕಾಗಿತ್ತು? ಯಾವೂರು?" ಎಂದರು. ಅಪ್ಪ ಹೇಳಿದ: "ಸಾಹೇಬ್ರ, ನಾನ್ರಿ, ಸಂಗೊಳ್ಳಿ ಭರಮಪ್ಪ. ನೀವು ನನ್ನ ಬಾಯಾಗ ಸಕ್ಕರಿ ಹಾಕಿದ್ರಲ್ಲಾ." ಅವರು ನಕ್ಕುಬಿಟ್ಟರು. "ಓ, ಅವತ್ತು ಭಾಳ ಮಂದಿಗೆ ಹಾಕೇವಲ್ಲ ಅಜ್ಜಾರ, ಎಲ್ಲಾರ ನೆನಪ ಎಲ್ಲಿ ಇರ್ತೈತಿ? ಹೊರಗ ಕುಂಡ್ರಿ, ಕರೀತೇವಿ." ಹಾಗೆನ್ನುತ್ತಲೇ ಡಬ್ಬಿಯಿಂದ ಒಂದು ಪೇಢೆ ಬಾಯಿಗೆ ಹಾಕಿಕೊಂಡರು. ಅದು ಇಳಿಯುವ ಮೊದಲೇ ಇನ್ನೊಂದು. ಅಪ್ಪ ಆ ಕೈ ಡಬ್ಬಿಗೆ ಹೋಗುವುದನ್ನೂ ಬಾಯಿಗೆ ಬರುವುದನ್ನೂ ನೋಡಿದ. ಪಟಕಾ ಸರಿಮಾಡಿಕೊಂಡು ಹೊರಗೆ ಬಂದ. ನಾನು ಒಬ್ಬಳೇ ನಿಂತು ನಿಮಗೆ ಅರ್ಜಿ ಕೊಟ್ಟದ್ದು, ನೀವು ಐದೂ ವರ್ಷದ ಶುಲ್ಕ ಕೇಳಿದ್ದು ಆವಾಗಲೇ.

ವಾಪಸು ಬರುವಾಗ ಅಪ್ಪ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ. ಬೈಲಹೊಂಗಲ ಹತ್ತಿರ ಬಂದಾಗ ನನ್ನ ಕಡೆ ತಿರುಗದೆಯೇ ಹೇಳಿದ: "ಅವರಿಗೆ ಸಕ್ಕರಿ ಕಾಯಿಲೆ ಇಲ್ಲ ಯವ್ವಾ."

ಮತ್ತೆ ಅವನೇ ಮುಂದುವರಿಸಿದ: "ನನ್ನ ಕೈದು ತಿನ್ನಾಕ ಅವರಿಗೆ ಮನಸ ಬರಲಿಲ್ಲ. ಒಂದ ಬಾಯಿ ಸಿಹಿ ಆದ್ರ ಅದು ಸಂಬಂಧ ಆಗೂದಿಲ್ಲ. ಮಾತ ಮುರದಾಂವ ನಾ ಅಲ್ಲ. ಹುಡಗಿ ಕಾಗದಾ ಇಸಗೊಂಡ ಬಾ, ಎಲ್ಲಿ ಛಲೋ ಐತಿ ಅಲ್ಲಿ ಕಲೀಲಿ." ಮಗಳ ದಾರಿ ತೆರೆಯಿತು ಎಂದು ನಾನು ಆಗ ಸಂತೋಷಪಡಬೇಕಿತ್ತು. ಆಗಲಿಲ್ಲ. ಅಪ್ಪನ ವಯಸ್ಸಿನ ಮನುಷ್ಯ ಇದೊಂದು ತಪ್ಪನ್ನು ತಿದ್ದಿಕೊಳ್ಳಲು ಏನೇನನ್ನು ಒಪ್ಪಿಕೊಳ್ಳಬೇಕಾಯಿತು ನೋಡಿ. ಆ ಕೈ ತನ್ನ ತುಟಿ ಮುಟ್ಟಿದ್ದು ಪ್ರೀತಿಗಲ್ಲ, ಗೌರವಕ್ಕಲ್ಲ, ಸೀಟಿಗೆ. ಗೂಡಿನಲ್ಲಿ ಬೇರೆ ಕಪ್ಪು ಇಟ್ಟವರು ಅದನ್ನು ಬೇರೆ ಕಪ್ಪು ಎಂದೇ ಇಟ್ಟಿದ್ದರು. ನೀವು ಅದನ್ನು ಬೆಳ್ಳಿಯ ಬಟ್ಟಲಿನಲ್ಲಿ ಇಟ್ಟಿರಿ.

ನಾನು ಏನು ಮಾಡಿದೆ, ಅಧಿಕಾರಿ ಮಾಡಿದ್ದಕ್ಕೆ ನಾನು ಹೊಣೆಯೇ ಎಂದು ನೀವು ಕೇಳಬಹುದು. ಹಾಗಾದರೆ ಕೆಳಗಿನ ಅಂತಸ್ತು ಕುಸಿದರೆ ಅದಕ್ಕೂ ನನಗೂ ಸಂಬಂಧವಿಲ್ಲ, ನಾನು ಮೇಲಿನ ಅಂತಸ್ತಿನ ಕೋಣೆಯವನು ಎಂದು ಹೇಳುವ ಆರ್ಕಿಟೆಕ್ಟರನ್ನು ನೀವು ತಯಾರು ಮಾಡುತ್ತಿದ್ದೀರಾ? ಮೂಲ ದಾಖಲೆಗಳನ್ನು ಯಾವ ಕಾಲೇಜೂ ಇಟ್ಟುಕೊಳ್ಳಬಾರದು ಎಂದು ತಿಳಿದವರು ನನಗೆ ಹೇಳಿದ್ದಾರೆ. ನಿಮಗೆ ಯಾರೂ ಹೇಳಿಲ್ಲವೇ? ನಿಮ್ಮಲ್ಲಿ ಕಲಿಸುವವರೇ ಇಲ್ಲದಿರುವಾಗ ನಿಮಗೆ ಹೇಳುವವರಾದರೂ ಯಾರು, ಅದು ನನಗೆ ಅರ್ಥವಾಗುತ್ತದೆ. ನಿಮ್ಮ ಕಪಾಟಿನಲ್ಲಿ ಸ್ನೇಹಲಳ ಕಾಗದಗಳ ಮೇಲೆ, ಕೆಳಗೆ ಇನ್ನೆಷ್ಟು ಮನೆಗಳ ಕಾಗದಗಳಿವೆಯೋ. ಅವೆಲ್ಲ ಯಾವ ಯಾವ ಹಿರಿಯರ ಬಾಯಿ ಸಿಹಿ ಮಾಡಿ ತಂದದ್ದೋ.

ಪಿಯುಸಿ ಮುಗಿಸಿದ ಮಕ್ಕಳ ತಾಯಂದಿರು ದಿನವೂ ನನ್ನ ಬಸ್ಸಿನಲ್ಲಿ ಹತ್ತುತ್ತಾರೆ. ಬಾಗಿಲ ಹತ್ತಿರದ ಸೀಟಿನಲ್ಲಿ ಕುಳಿತು, ಆರ್ಕಿಟೆಕ್ಚರಿಗೆ ಯಾವ ಕಾಲೇಜು ಛಲೋ ಐತ್ರೀ ಎಂದು ಕೇಳುತ್ತಾರೆ. ಬಸ್ಸಿನ ಹಿಂದೆ ನಿಮ್ಮ ಫಲಕ ನೋಡಿಯೇ ಹತ್ತಿರುತ್ತಾರೆ. ಮೊದಲಾಗಿದ್ದರೆ ನನಗೇನು ಗೊತ್ತು ಎನ್ನುತ್ತಿದ್ದೆ. ಈಗ ಟಿಕೆಟ್ ಹರಿಯುತ್ತಲೇ ಹೇಳುತ್ತೇನೆ. ತಾನಾಗಿ ಮನೆಗೆ ಬಂದು ಕರೆಯುವ ಕಾಲೇಜನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ. ಹೇಳದೆ ಕೇಳದೆ ಒಂದು ದಿನ ಹೋಗಿ, ಬೀಗ ಹಾಕಿದ ಬಾಗಿಲುಗಳನ್ನು ಎಣಿಸಿ. ಅಲ್ಲಿ ಓದುವ ಹುಡುಗಿಯನ್ನು ಪಕ್ಕಕ್ಕೆ ಕರೆದು ಕೇಳಿ, ಅವಳು ಮೆಲ್ಲಗೆ ಮಾತಾಡಿದರೆ ಮುಂದೆ ಕೇಳುವ ಅಗತ್ಯವೇ ಇಲ್ಲ. ಕಲಿತು ಹೋದವರು ಈಗ ಎಲ್ಲಿದ್ದಾರೆ ಎಂದು ಕೇಳಿ. ಕಾಗದ ಮಾತ್ರ ಯಾರ ಕೈಗೂ ಕೊಡಬೇಡಿ. ಹೀಗೆ ಹೇಳುವುದು ಕಂಡಕ್ಟರ್ ಕೆಲಸದ ನಿಯಮಕ್ಕೆ ವಿರುದ್ಧವೋ ಏನೋ. ದೂರು ಕೊಡುವುದಾದರೆ ಕೊಡಿ, ಕಿತ್ತೂರಿನಿಂದ ರಾಮದುರ್ಗದ ತನಕ ಸಾಕ್ಷಿ ಹೇಳುವವರು ಬಹಳ ಮಂದಿ ಇದ್ದಾರೆ.

ಇನ್ನು ಬೇಡಿಕೆ. ಶುಕ್ರವಾರ ಬೆಳಿಗ್ಗೆ ನಿಮ್ಮ ಕಚೇರಿ ತೆರೆಯುವ ಹೊತ್ತಿಗೆ ನಾವು ಬಾಗಿಲಲ್ಲಿರುತ್ತೇವೆ. ಸ್ನೇಹಲಳ ಒಂದೊಂದು ಕಾಗದವೂ ನೀವು ಇಸಿದುಕೊಂಡಾಗ ಹೇಗಿತ್ತೋ ಹಾಗೇ ಬೇಕು. ಹಣದ ಮಾತು ಎತ್ತಬೇಡಿ. ಸಾಹೇಬರು ಇಲ್ಲ, ಬೀಗದ ಕೈ ಇಲ್ಲ, ಸೋಮವಾರ ಬನ್ನಿ ಎನ್ನಬೇಡಿ. ಸೋಮವಾರ ಬರುವ ಹೊತ್ತಿಗೆ ನನ್ನ ಮಗಳ ಸೀಟು ಇನ್ನೊಬ್ಬರದಾಗಿರುತ್ತದೆ, ನಿಮಗೆ ಗೊತ್ತಿದೆ. ನಿಮ್ಮಿಂದ ಕ್ಷಮೆ ಕೇಳಿಸಿಕೊಳ್ಳುವ ಹಟ ನನಗಿಲ್ಲ. ನಿಮ್ಮ ಬಾಯಿಂದ ಬರುವ ಸಿಹಿ ಮಾತು ನಮ್ಮ ಮನೆಗೆ ಸಾಕಾಗಿದೆ.

ನೀವು ಕಸಿದುಕೊಂಡದ್ದು ಇನ್ನೊಂದಿದೆ. ಮೊನ್ನೆ ಪಕ್ಕದ ಹಳ್ಳಿಯಿಂದ ಮದುವೆ ಮಾತುಕತೆಗೆಂದು ಅಪ್ಪನನ್ನು ಕರೆಯಲು ಬಂದಿದ್ದರು. ಮೈಯಲ್ಲಿ ಹುಷಾರಿಲ್ಲ ಎಂದು ಹೇಳಿಸಿ ಕಳಿಸಿದ. ಹಾಗೆ ಯಾಕೆ ಮಾಡಿದಿ ಎಂದು ನನ್ನ ಅವ್ವ ಶೆಟ್ಟೆವ್ವ ಕೇಳಿದ್ದಕ್ಕೆ, "ಮನಶ್ಯಾನ ಗುರ್ತ ಹಿಡ್ಯಾಕ ನನಗ ಬರೂದಿಲ್ಲ ಈಗ, ಮತ್ತೊಬ್ಬರ ಮಗಳ ಬಾಳೇ ಯಾಕ ಹಾಳ ಮಾಡ್ಲಿ?" ಎಂದನಂತೆ. ಅದನ್ನು ವಾಪಸು ಕೊಡುವ ಶಕ್ತಿ ನಿಮಗಿಲ್ಲ. ಅದಕ್ಕೇ ನಾನು ಬರೀ ಕಾಗದ ಕೇಳುತ್ತಿದ್ದೇನೆ.

ಶುಕ್ರವಾರ ಅಪ್ಪನೂ ಬರುತ್ತಾನೆ. ಬೇಡವೆಂದರೂ ಕೇಳಲಿಲ್ಲ, ಕೊಟ್ಟವನು ನಾನೇ, ಕರೆದುಕೊಂಡು ಬರುವವನೂ ನಾನೇ ಎನ್ನುತ್ತಾನೆ. ಈ ಪತ್ರ ಓದಿದ ನಾಲ್ಕು ಜನರಿಗೆ ಹೆದರಿ ನೀವು ಅವನಿಗೆ ಕುರ್ಚಿ ಹಾಕಿಸಬಹುದು, ಚಹಾ ತರಿಸಬಹುದು, ನಿಮ್ಮ ಕೈಯಿಂದಲೇ ಲೋಟ ಮುಂದೆ ಮಾಡಬಹುದು. ಆ ಕಷ್ಟ ತೆಗೆದುಕೊಳ್ಳಬೇಡಿ. ಕಾಗದಗಳನ್ನು ಹುಡುಗಿಯ ಕೈಗೆ ಕೊಡಿ, ಸಾಕು. ನಿಮ್ಮ ಕೈಯ ನೀರನ್ನು ನನ್ನ ಅಪ್ಪ ಇನ್ನು ಮುಟ್ಟುವುದಿಲ್ಲ.

ಇಂತಿ,
ಶುಕ್ರವಾರದ ತನಕ ಮಾತ್ರ ನಿಮ್ಮ ವಿದ್ಯಾರ್ಥಿನಿಯ ತಾಯಿ ಎನಿಸಿಕೊಳ್ಳಬೇಕಾಗಿ ಬಂದ
ಸಂಘಮಿತ್ರಾ,
ಬೈಲಹೊಂಗಲ